ಗೇಟಿಗೆ ಅಡ್ಡ ಇಳಿಸಿದ ದಿಮ್ಮಿ

"ಏನೇ ಮುಂಡೆ, ಹೆಗಲ ಮೇಲೆ ಇನ್ನೊಂದು ತಲೆ ಬೆಳೆಸ್ತಿದೀಯಾ? ಇರೋ ತಲೇಲೇ ಏನೂ ಇಲ್ಲ, ಇದೊಂದು ಬೇರೆ ಕೇಡು!"

ಮೇಸ್ತ್ರಿ ಕೋಲಿನ ತುದಿಯಿಂದ ಅತ್ತಿಗೆಯ ಬಲ ಹೆಗಲಿನ ಗಂಟನ್ನು ಹಿಂದಿನಿಂದ ತಿವಿದ. ದಿಮ್ಮಿಯ ಮುಂದಿನ ತುದಿ ಅವಳ ಹೆಗಲ ಮೇಲೆ, ಹಿಂದಿನ ತುದಿ ಅವಳ ನಾದಿನಿಯಾದ ನನ್ನ ಹೆಗಲ ಮೇಲೆ. ದಿಮ್ಮಿ ಹೊತ್ತಿರುವಾಗ ಕತ್ತು ತಿರುಗಿಸಿ ಬೈಯಲು ಬರುವುದಿಲ್ಲ. ಅದು ಗೊತ್ತಿದ್ದೇ ಅವನು ಆ ಹೊತ್ತಿಗೆ ಬಾಯಿ ಬಿಡುವುದು.

ಲಾರಿಯ ಹತ್ತಿರ ಹೋಗಿ ದಿಮ್ಮಿ ಇಳಿಸಿದೆವು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಡೆ ತಿರುಗಿದಳು.

"ನಿನ್ನ ಕತ್ತಿನ ಮೇಲಿರೋದು ಖಾಲಿ ಡಬ್ಬ ಅಲ್ವೇನೋ ಬೋಳಿಮಗನೇ, ಬೇಕಾದ್ರೆ ಇದನ್ನೇ ಕುಯ್ದು ಕೊಡ್ತೀನಿ, ಇಟ್ಕೊಂಡು ಮೆರಿ."

ಹೊರುವವರೆಲ್ಲ ನಕ್ಕರು. ನಾನು ನಗಲಿಲ್ಲ. ಕೋಲು ತಿವಿದ ಜಾಗ ಕೆಂಪಗಾಗಿತ್ತು. ಅವಳು ಅದನ್ನು ಮುಟ್ಟಿಯೂ ನೋಡಿಕೊಳ್ಳಲಿಲ್ಲ.

ನಮ್ಮ ಮರದ ಡಿಪೋದಲ್ಲಿ ಗಂಟು ಎಂದರೆ ಮರ್ಯಾದೆ. ವರ್ಷಗಟ್ಟಲೆ ಹೊತ್ತವರ ಹೆಗಲಲ್ಲಿ ಚರ್ಮ ದಪ್ಪಗಾಗಿ ಒಂದು ದಿಬ್ಬ ಏಳುತ್ತದೆ. ಹೊಸದಾಗಿ ಬಂದವರು ಹಳಬರ ಗಂಟು ಮುಟ್ಟಿಯೇ ಮೊದಲ ದಿಮ್ಮಿಗೆ ಹೆಗಲು ಕೊಡಬೇಕು. ಅತ್ತಿಗೆಯ ಗಂಟು ಎಲ್ಲರದಕ್ಕಿಂತ ದೊಡ್ಡದು. ಅದಕ್ಕೇ ಅವಳಿಗೆ ಗಂಟಕ್ಕ ಎಂದು ಹೆಸರಿಟ್ಟಿದ್ದರು. ಬೇರೆಯವರ ಗಂಟು ಚರ್ಮದಲ್ಲಿದ್ದರೆ ಅವಳದು ಆಳದಲ್ಲಿತ್ತು. ನೋವಿರಲಿಲ್ಲ. ಕೆಲಸವಿಲ್ಲದೆ ಮನೆಯಲ್ಲಿ ಕೂತ ದಿನಗಳಲ್ಲೂ ಅದು ಬೆಳೆಯುತ್ತಿತ್ತು. ಇದೆಲ್ಲ ನಮ್ಮ ಕಣ್ಣೆದುರಿಗೇ ಇತ್ತು, ಆದರೆ ಗಂಟು ದೊಡ್ಡದಾದಷ್ಟೂ ನಾವು ಅವಳಿಗೆ ಹೆಚ್ಚು ಮರ್ಯಾದೆ ಕೊಟ್ಟೆವು.

ಹೋದ ವರ್ಷ ಗಂಟು ಕುಪ್ಪಸದಲ್ಲಿ ಹಿಡಿಯದಷ್ಟು ದೊಡ್ಡದಾದಾಗ ಧಣಿ ಅವಳನ್ನು ಡಿಪೋದ ಡಾಕ್ಟರ ಹತ್ತಿರ ಕಳಿಸಿದ್ದ. ಡಿಪೋದ ಡಾಕ್ಟರೆಂದರೆ ಧಣಿಯ ಭಾವಮೈದುನ. ಅವನು ಬೆರಳಲ್ಲಿ ಅಮುಕಿ, "ಕೊಬ್ಬಿನ ಗಡ್ಡೆ. ತಿಂದು ಕೊಬ್ಬಿದೀಯ, ಅಷ್ಟೆ" ಎಂದ. ಹೆಗಲಿಗೆ ಒಂದು ಸೂಜಿ ಚುಚ್ಚಿ ಅಲ್ಲೇ ಮೇಜಿನ ಮೇಲೆ ಕುಯ್ದ. ತೆಗೆದದ್ದನ್ನು ಬಕೆಟ್ಟಿಗೆ ಎಸೆದ. ಹೊಲಿಗೆ ಬಿಚ್ಚಿದ ಮಾರನೇ ದಿನ ಅತ್ತಿಗೆ ದಿಮ್ಮಿ ಹೊತ್ತಳು.

ಈಗ ಅದೇ ಗಾಯದ ಗೆರೆಯ ಕೆಳಗೆ ಗಂಟು ಮತ್ತೆ ಎದ್ದಿತ್ತು, ಮೊದಲಿಗಿಂತ ಗಟ್ಟಿಯಾಗಿ.

ಮೇಸ್ತ್ರಿ ಅವತ್ತೇ ನಮ್ಮನ್ನು ಅದೇ ಡಾಕ್ಟರ ಕೋಣೆಗೆ ಅಟ್ಟಿದ. ಡಾಕ್ಟರು ಫೋನಿನಿಂದ ತಲೆ ಎತ್ತಲಿಲ್ಲ.

"ಮಲಗು. ಹತ್ತು ನಿಮಿಷದ ಕೆಲಸ."

"ಹೋದ ಸಲ ತೆಗೆದದ್ದು ಕೊಬ್ಬೇ ಅಂತ ಎಲ್ಲಾದ್ರೂ ಕಳಿಸಿ ನೋಡಿದ್ರಾ ಡಾಕ್ಟ್ರೇ?" ಅತ್ತಿಗೆ ಕೇಳಿದಳು.

"ನನಗೇ ಪಾಠ ಹೇಳ್ತೀಯೇನೇ? ಹೆಬ್ಬೆಟ್ಟು ಒತ್ತೋಳು ನೀನು! ಮಲಗು ಅಂದ್ರೆ ಮಲಗು."

ಅವನು ಮೇಜಿನ ಮೇಲೆ ಹಾಸಿದ ರಬ್ಬರ್ ಶೀಟನ್ನು ತಟ್ಟಿದ. ಹಳೆಯ ರಕ್ತದ ಕಲೆ ಅದರ ಅಂಚಿನಲ್ಲಿ ಒಣಗಿತ್ತು. ಅತ್ತಿಗೆ ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡಳು.

"ನೀವೇ ಮಲ್ಕೊಳಿ," ಎಂದು ಹೊರಗೆ ಬಂದಳು.

ದೊಡ್ಡಾಸ್ಪತ್ರೆಯಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಬೆನ್ನು ಗೋಡೆಗೆ ಅಂಟಿಹೋಗಿತ್ತು. ಒಂದು ದಿನ ಸ್ಕ್ಯಾನು, ಒಂದು ದಿನ ದಪ್ಪ ಸೂಜಿ ಹಾಕಿ ಗಂಟಿನ ಚೂರು ತೆಗೆದರು, ಇನ್ನೊಂದು ದಿನ ಎದೆಯ ಸ್ಕ್ಯಾನು. ಎಲ್ಲ ಕೈಗೆ ಬಂದ ಮೇಲೆ ಲೇಡಿ ಡಾಕ್ಟರು ಅತ್ತಿಗೆಯ ಹೆಗಲನ್ನು ಮೆಲ್ಲಗೆ ತಡವಿ ಕೇಳಿದರು.

"ಯಾರಮ್ಮ ಇದನ್ನ ಮೊದಲು ಕುಯ್ದೋರು?"

"ನಮ್ಮ ಡಿಪೋ ಡಾಕ್ಟ್ರು."

ಅವರು ಹಲ್ಲು ಕಚ್ಚಿದ್ದು ನನಗೆ ಕಂಡಿತು. "ಇದು ಸಾರ್ಕೋಮಾ. ಮಾಂಸ, ಕೊಬ್ಬು, ಇಂಥ ಮೆತ್ತನೆ ಜಾಗದಲ್ಲಿ ಹುಟ್ಟೋ ಕ್ಯಾನ್ಸರ್. ಏನು ಅಂತ ನೋಡದೆ ಕುಯ್ದು ಬೇರು ಒಳಗೇ ಬಿಟ್ಟಿದ್ದಾರೆ. ಸುತ್ತ ಚೆಲ್ಲಾಡಿರಬಹುದು. ಅದಕ್ಕೆ ಈಗ ಜಾಸ್ತಿ ಅಗಲ ತೆಗೀಬೇಕು."

"ದಿಮ್ಮಿ ಹೊತ್ತಿದ್ದಕ್ಕೆ ಬಂತಾ?" ನಾನು ಕೇಳಿದೆ.

"ಹೊತ್ತಿದ್ದಕ್ಕೆ ಬಂದಿಲ್ಲ. ಎಲ್ಲರಿಗೂ ಗಂಟಿರೋ ಕಡೆ ಬಂತು, ಅದಕ್ಕೆ ಯಾರಿಗೂ ಗೊತ್ತಾಗ್ಲಿಲ್ಲ."

ಅತ್ತಿಗೆ ಸುತ್ತು ಬಳಸಲಿಲ್ಲ. "ಬದುಕ್ತೀನಾ?"

"ಎದೆಗೆ ಹೋಗಿಲ್ಲ. ಇದು ಹೋದ್ರೆ ಮೊದಲು ಶ್ವಾಸಕೋಶಕ್ಕೇ ಹೋಗೋದು, ಹಾಗಾಗಿ ಅದು ಒಳ್ಳೇ ಸುದ್ದಿ. ಆದ್ರೆ ಗಂಟು ದೊಡ್ಡದು, ಬೇಗ ಬೆಳೆಯೋ ಜಾತಿ. ಗ್ಯಾರಂಟಿ ಅಂತ ನಾನು ಹೇಳಲ್ಲಮ್ಮ. ಈಗ ಶುರು ಮಾಡಿದ್ರೆ ಉಳಿಯೋ ಸಾಧ್ಯತೆ ಚೆನ್ನಾಗಿದೆ. ತಡ ಮಾಡಿದಷ್ಟೂ ಕಮ್ಮಿ ಆಗುತ್ತೆ."

ಮೊದಲು ಐದು ವಾರ ಕರೆಂಟ್, ಅಂದರೆ ರೇಡಿಯೇಷನ್, ಕೊಡುವುದು, ದಿನಾ ಬರಬೇಕು, ಶನಿವಾರ ಭಾನುವಾರ ಬಿಟ್ಟು. ಆಮೇಲೆ ಆಪರೇಷನ್. ಕೀಮೋ ಔಷಧಿ ಏರಿಸುವುದು ಬೇಕೋ ಬೇಡವೋ ಮುಂದೆ ನೋಡುತ್ತಾರಂತೆ. ತೋಳು ಉಳಿಸಲು ನೋಡುತ್ತೇವೆ ಎಂದರು. ವಾಸಿಯಾದ ಮೇಲೂ ಎಷ್ಟೋ ವರ್ಷ ಆಗಾಗ ಬಂದು ತೋರಿಸಬೇಕು, ಮತ್ತೆ ಬರುವ ರೋಗ ಇದು.

"ತಲೆ ಬಾಚ್ಕೋಬಹುದು. ಅನ್ನ ಕಲಸಿ ಉಣ್ಣಬಹುದು," ಡಾಕ್ಟರು ಹೇಳಿದರು. "ಈ ಹೆಗಲು ಮತ್ತೆ ಭಾರ ಹೊರೋದಿಲ್ಲ."

ಸರ್ಕಾರದ ಆಸ್ಪತ್ರೆ, ದುಡ್ಡಿನ ಮಾತೇ ಬರಲಿಲ್ಲ. ದಿನಾ ಬಂದು ಹೋಗಬೇಕು, ರಾತ್ರಿ ಮಲಗಲು ಒಂದು ಸೂರು ಬೇಕು, ಅಷ್ಟೇ. ಆ ಸೂರು ಧಣಿಯದು. ಡಿಪೋದ ಹಿಂದಿನ ಲೈನ್ ಮನೆಗಳನ್ನು ಅವನು ದಿಮ್ಮಿ ಹೊರುವ ಜೋಡಿಗೆ ಒಂದರಂತೆ ಕೊಡುತ್ತಾನೆ. ಅಣ್ಣ ಸತ್ತ ಮೇಲೆ ನಾನೂ ಅತ್ತಿಗೆಯೂ ಜೋಡಿಯಾದದ್ದು ಆ ಕೋಣೆಗಾಗಿಯೇ.

ಧಣಿ ತೂಕದ ಕಟ್ಟೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನಾವು ಬಿಸಿಲಲ್ಲಿ ನಿಂತೆವು.

"ಐದು ವಾರ ಕೋಣೇಲಿ ಇರೋಕೆ ಬಿಡಿ ಧಣಿ. ಆಪರೇಷನ್ ಆದ್ಮೇಲೆ ಒಂದಿಷ್ಟು ದಿನ," ನಾನು ಹೇಳಿದೆ. "ಅಲ್ಲಿ ತನಕ ನಾನು ಯಾರ ಜೊತೆಗಾದ್ರೂ ಹೊರ್ತೀನಿ."

"ಯಾರ ಜೊತೆ ಹೊರ್ತೀಯೋ ಅವಳೇ ಆ ಕೋಣೇಲಿ ಇರ್ತಾಳೆ." ಅವನು ಅತ್ತಿಗೆಯ ಕಡೆ ನೋಡದೆಯೇ ಮಾತಾಡಿದ. "ಕ್ಯಾನ್ಸರ್ ಅಂತೆ. ಇವಳು ಲೈನಲ್ಲಿ ನರಳ್ತಾ ಬಿದ್ದಿದ್ರೆ ಬೇರೆಯವ್ರು ಕೆಲಸಕ್ಕೆ ಬರ್ತಾರಾ? ನಮ್ಮ ಡಾಕ್ಟ್ರು ವಾರದಲ್ಲಿ ಹೆಗಲು ಸರಿ ಮಾಡ್ತೀನಿ ಅಂದ್ರೆ ಧಿಮಾಕು ಮಾಡ್ಕೊಂಡು ಬಂದಳು. ಲೈನ್ ಮನೆ ನಾನು ಹೆಗಲಿಗೆ ಕೊಟ್ಟಿದ್ದು, ಹೆಣಕ್ಕಲ್ಲ. ನಾಳೆ ಖಾಲಿ ಮಾಡು."

ನನ್ನ ಮೈ ಉರಿದುಹೋಯಿತು. ಬಾಯಿ ತೆಗೆಯುವಷ್ಟರಲ್ಲಿ ಅತ್ತಿಗೆ ನನ್ನ ಕೈ ಹಿಡಿದು ಅದುಮಿದಳು.

"ಆಯ್ತು ಧಣಿ," ಎಂದಳು.

ಅವಳ ಬಾಯಿಂದ ಅಷ್ಟು ಮೆತ್ತಗಿನ ಮಾತು ಬಂದರೆ ಏನೋ ಇದೆ ಎಂದೇ ಅರ್ಥ.

ಬೆಳಗ್ಗೆ ಅವಳು ಎಂದಿನಂತೆ ಎದ್ದಳು. ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡಿಪೋಗೆ ಬಂದು ಒಂದು ದೊಡ್ಡ ದಿಮ್ಮಿಯ ಮುಂದಿನ ತುದಿಯಲ್ಲಿ ನಿಂತಳು.

"ಬಾರೇ, ಎತ್ತು."

"ಹುಚ್ಚಾ ಅತ್ತಿಗೆ ನಿನಗೆ? ಡಾಕ್ಟ್ರು ಹೊರಬಾರದು ಅಂದಿದಾರೆ."

"ಆ ಹೆಗಲಲ್ಲಿ ಹೊರಬಾರದು ಅಂದಿದಾರೆ. ಇನ್ನೊಂದು ಇದೆಯಲ್ಲ. ಗೇಟಿನ ತನಕ ಅಷ್ಟೇ, ಬಾ."

ಅವಳು ಎಡ ಹೆಗಲು ಕೊಟ್ಟಳು. ಅವಳು ಹೆಗಲು ಬದಲಿಸಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅಭ್ಯಾಸವಿಲ್ಲದ ಹೆಗಲು, ಹೆಜ್ಜೆ ಹೆಜ್ಜೆಗೂ ದಿಮ್ಮಿ ವಾಲುತ್ತಿತ್ತು. ಹೊರುವವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಗೇಟಿನಲ್ಲಿ ತುಂಬಿದ ಲಾರಿಯೊಂದು ಹೊರಗೆ ಹೊರಡಲು ಗುರುಗುಡುತ್ತಿತ್ತು. ಅದರ ಮುಂದೆ, ದಿಮ್ಮಿ ಈ ಕಂಬದಿಂದ ಆ ಕಂಬದವರೆಗೆ ಅಡ್ಡ ಬರುವಂತೆ, ಅತ್ತಿಗೆ ನಿಂತಳು.

"ಇಳಿಸು."

ಇಳಿಸಿದೆವು.

ಆಗ ನನಗೆ ಅರ್ಥವಾಯಿತು. ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ಒಂದು ಜೋಡಿ ದಾರಿಯಲ್ಲಿ ಇಳಿಸಿದ ದಿಮ್ಮಿಯನ್ನು ಬೇರೆ ಜೋಡಿ ಎತ್ತುವುದಿಲ್ಲ. ಯಾವ ಕಡೆ ಭಾರ, ಎಲ್ಲಿ ಜಾರುತ್ತದೆ ಎಂಬುದು ಹೊತ್ತವರಿಗೇ ಗೊತ್ತು. ಗೊತ್ತಿಲ್ಲದೆ ಕೈ ಹಾಕಿ ಕಾಲು ಕಳೆದುಕೊಂಡವರು ನಮ್ಮ ಲೈನಿನಲ್ಲೇ ಇದ್ದಾರೆ.

"ಎತ್ರೇ ಅದನ್ನ!" ಮೇಸ್ತ್ರಿ ಓಡಿಬಂದ.

"ಎತ್ತೋಣ," ಅತ್ತಿಗೆ ಹೇಳಿದಳು. "ನನ್ನ ಹೆಗಲು ವಾಸಿಯಾಗ್ಲಿ."

ಅವನು ಬೇರೆ ಜೋಡಿಗಳ ಕಡೆ ತಿರುಗಿ ಕಿರುಚಿದ. ಯಾರೂ ಅಲುಗಲಿಲ್ಲ. ಅತ್ತಿಗೆ ಎಲ್ಲರೆದುರು ಸೆರಗು ಸರಿಸಿ ಬಲ ಹೆಗಲು ತೋರಿಸಿದಳು.

"ಇದನ್ನ ಮುಟ್ಟಿ ಕೆಲಸಕ್ಕೆ ಸೇರಿದೋರು ಎಷ್ಟು ಜನ ಇದೀರಿ ಇಲ್ಲಿ? ಇದು ಕ್ಯಾನ್ಸರ್ ಕಣ್ರೋ. ನಿಮ್ಮ ನಿಮ್ಮ ಗಂಟು ಮುಟ್ಟಿ ನೋಡ್ಕೊಳಿ. ಒಳಗಿದ್ದು ಬೆಳೀತಾ ಇದ್ರೆ ದೊಡ್ಡಾಸ್ಪತ್ರೆಗೆ ಹೋಗಿ. ಆ ಬಕೆಟ್ ಡಾಕ್ಟ್ರ ಕೈಗೆ ಕೊಡಬೇಡಿ."

ಹೊರುವವರಲ್ಲೇ ಹಳಬ ಕುಂಟಜ್ಜ ತನ್ನ ಜೋಡಿಯವನ ಹೆಗಲು ಮುಟ್ಟಿ ನೋಡಿದ, ಅವನು ಇವನದು. ಆಮೇಲೆ ಇಬ್ಬರೂ ಒಂದು ದಿಮ್ಮಿ ಎತ್ತಿ ತಂದು ನಮ್ಮದರ ಪಕ್ಕ ಇಳಿಸಿದರು. ಅವರ ಹಿಂದೆ ಇನ್ನೊಂದು ಜೋಡಿ. ಅವರ ಹಿಂದೆ ಮತ್ತೊಂದು. ಗೇಟು ಸೊಂಟದೆತ್ತರಕ್ಕೆ ತುಂಬಿತು.

ಧಣಿ ಕುರ್ಚಿ ಬಿಟ್ಟು ಬಂದ. ಮುಖ ಕೆಂಪಡರಿತ್ತು. "ಏನೇ ಇದು ನಾಟ್ಕ? ಎಲ್ಲರನ್ನೂ ಒದ್ದು ಓಡಿಸ್ತೀನಿ!"

"ಓಡಿಸಿ ಧಣಿ," ಕುಂಟಜ್ಜ ದಿಮ್ಮಿಯ ಮೇಲೆ ಕೂತು ಬೀಡಿ ಹಚ್ಚಿದ. "ಆಮೇಲೆ ಇದನ್ನೆಲ್ಲ ನಿಮ್ಮ ಭಾವಮೈದ ಕುಯ್ದು ತೆಗೀತಾರೆ."

ಅತ್ತಿಗೆ ಧಣಿಯ ಮುಖಕ್ಕೇ ಮುಖ ಕೊಟ್ಟು ನಿಂತಳು. "ಆಸ್ಪತ್ರೆಗೆ ಹೋಗಿ ಸಂಜೆ ಬರ್ತೀವಿ. ನಮ್ಮ ಬೀಗ ನಮ್ಮ ಬಾಗಿಲಲ್ಲೇ ಇರ್ಬೇಕು. ನಾಳೆನೂ, ನಾಡಿದ್ದೂ, ಕರೆಂಟ್ ಮುಗಿಯೋ ತನಕ, ಆಪರೇಷನ್ ಆಗಿ ನಾನು ಎದ್ದು ಕೂರೋ ತನಕ. ಇಲ್ಲ ಅಂದ್ರೆ ಇದು ಇಲ್ಲೇ ಗೆದ್ದಲು ಹಿಡೀಲಿ."

ದಿಮ್ಮಿಗಳ ಮೇಲೆ ಹತ್ತಿ ಇಳಿದು ರಸ್ತೆಗೆ ಬಂದೆವು. ಬಸ್ಸಿನಲ್ಲಿ ಕೂತ ಮೇಲೆ ಅವಳು ಸೊಂಟದ ಕೀಲಿಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ನನಗೆ ಹೆದರಿಕೆಯಾಗಿತ್ತು. ಧಣಿಗೆ ಹೆದರಿದ್ದೆನೋ, ಆ ಗಂಟಿಗೆ ಹೆದರಿದ್ದೆನೋ ಹೇಳಲಾರೆ.

"ಆ ಹೆಗಲು ಮತ್ತೆ ಹೊರಲ್ಲ ಅಂದಿದಾರಲ್ಲ ಅತ್ತಿಗೆ," ಎಂದೆ. "ಎತ್ತೋದು ಯಾವಾಗ?"

"ನನಗೆ ಗೊತ್ತಿಲ್ವೇನೇ?" ಎಂದಳು ಅವಳು.

ಬಸ್ಸು ಡಿಪೋ ದಾಟಿತು. ಕಿಟಕಿಯಿಂದ ಹಿಂದೆ ನೋಡಿದೆ. ಲಾರಿಯ ಸದ್ದು ನಿಂತಿತ್ತು. ಹೊರುವವರು ಸಾಲಾಗಿ ಗೋಡೆಯ ನೆರಳಲ್ಲಿ ಕೂತಿದ್ದರು. ಮೇಸ್ತ್ರಿ ಕೋಲು ಬಿಸಾಕಿ, ಮಂಡಿಯೂರಿ, ನಮ್ಮ ದಿಮ್ಮಿಯ ಒಂದು ತುದಿಗೆ ಹೆಗಲು ಕೊಟ್ಟಿದ್ದ. ಧಣಿ ಇನ್ನೊಂದು ತುದಿಗೆ ಬೆರಳು ತೋರಿಸಿ ಕಿರುಚುತ್ತಿದ್ದ. ಆ ತುದಿಯಲ್ಲಿ ಯಾರೂ ಇರಲಿಲ್ಲ.