ಕೊನೆಯ ರಿಪೇರಿ ಮಾಡಿದವರು

ನಮ್ಮೂರಿನ ಹಳೇ ವಾಚನಾಲಯವನ್ನು ಪರೀಕ್ಷಿಸಲು ಹೊರಗಿನಿಂದ ಬರಲಿದ್ದ ಮೂವರು ತಜ್ಞರಲ್ಲಿ ಮರದ ತಜ್ಞೆ ಮಾತ್ರ ಬರುವ ಮೊದಲೇ ನಮಗೆ ಕೆಲಸ ಹಚ್ಚಿದ್ದರು. ಸುಣ್ಣದ ಗಾರೆಯವರು "ಏಣಿ ಇಟ್ಟಿರಿ" ಎಂದಷ್ಟೇ ಬರೆದಿದ್ದರು. ಕಲ್ಲಿನವರು ತಮಗೆ ಮಂಡಿನೋವು, ಮಹಡಿ ಮೇಲಿನ ರೂಮು ಬೇಡ ಎಂದಿದ್ದರು. ಈಯಮ್ಮ ನಾಲ್ಕು ಪುಟದ ಫಾರಂ ಕಳಿಸಿದ್ದರು. ಊರಿನ ಹಳೇ ಕಟ್ಟಡಗಳ ಸಂರಕ್ಷಣಾ ಸಮಿತಿಗೆ ನಾನು ಕಾರ್ಯದರ್ಶಿ. ಸಂಬಳವಿಲ್ಲದ ಹುದ್ದೆ, ಹಾಗಾಗಿ ಯಾರೂ ಅದರ ಮೇಲೆ ಕಣ್ಣು ಹಾಕಿಲ್ಲ. ಫಾರಂ ತುಂಬಿ ಸಹಿ ಮಾಡಬೇಕಾದವಳು ನಾನೇ.

ಆಫೀಸಿನಿಂದ ಬಂದವಳು ಅಡುಗೆಗಿಟ್ಟು, ಮಗಳ ಗಣಿತದ ಪುಸ್ತಕವನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಫಾರಂ ಹರಡಿದೆ. ಎದುರಿಗೆ ಅಪ್ಪ ಬಟಾಣಿ ಸುಲಿಯುತ್ತಿದ್ದರು. ಐದು ದಶಕ ಬಡಗಿ ಕೆಲಸ ಮಾಡಿದ ಕೈ, ಈಗಲೂ ಸುಮ್ಮನೆ ಕೂರದು.

"ಹಳೇ ವಾಚನಾಲಯದ ಮೆಟ್ಟಿಲಿನ ರೇಲಿಂಗ್. ಎಷ್ಟು ವರ್ಷದ್ದು? ನೂರಾಮೂವತ್ತು," ಎಂದು ನಾನೇ ಓದಿ ನಾನೇ ಬರೆದುಕೊಂಡೆ. "ಕೊನೆಯ ರಿಪೇರಿ ಮಾಡಿದವರು? ಯಾರೂ ಇಲ್ಲ."

"ಅದನ್ನ ಖಾಲಿ ಬಿಡು," ಎಂದರು ಅಪ್ಪ.

"ಯಾಕಪ್ಪಾ? ಅದಕ್ಕೆ ಒಂದು ಉಳಿಯೂ ತಾಗಿಲ್ಲ ಅಂತ ಅಧ್ಯಕ್ಷರು ಪ್ರತಿ ವರ್ಷ ಭಾಷಣ ಮಾಡ್ತಾರಲ್ಲ."

"ತಾಗಿದೆ. ನಂದೇ."

"ಎಲ್ಲಿ?"

"ಮೇಲಿಂದ ಕೆಳಗಿನ ತನಕ." ಅಪ್ಪ ತಲೆ ಎತ್ತಲಿಲ್ಲ. "ಅಷ್ಟೂ ನಾನೇ ಮಾಡಿದ್ದು ಕಣೇ."

ನನ್ನ ಪೆನ್ನು ಅಲ್ಲೇ ನಿಂತಿತು. ಅಪ್ಪ ಹೇಳಿದ್ದು ಇಷ್ಟು. ಮೂವತ್ತಾರು ವರ್ಷದ ಹಿಂದೆ ಸಮಿತಿಗೆ ಅಧ್ಯಕ್ಷರಾಗಿದ್ದವರು ಈಗಿನ ಅಧ್ಯಕ್ಷೆಯ ತಂದೆ. ಎಣ್ಣೆ ಹಚ್ಚಿದರೆ ಮರದ ಬಣ್ಣ ಕೆಡುತ್ತದೆಂದು ಹಟ ಹಿಡಿದು, ರೇಲಿಂಗನ್ನು ಯಾರಿಂದಲೂ ಮುಟ್ಟಿಸಿರಲಿಲ್ಲ. ಒಂದು ದಿನ ಅವರೇ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಬೆರಳು ಒಳಗೇ ಹೋಯಿತಂತೆ. ಒಳಗೆಲ್ಲ ಗೆದ್ದಲು. ನೇರ ಅಪ್ಪನ ಕಾರ್ಖಾನೆಗೆ ಬಂದು ಮರದ ಹೊಟ್ಟಿನ ಮೇಲೆ ಕುಸಿದು ಕೂತರು. ಅವರ ಮಗಳು ಹಲ್ಲಿನ ಡಾಕ್ಟರಿಕೆ ಓದಲು ಬೇರೆ ಊರಿನಲ್ಲಿದ್ದಳು. ಆ ರೇಲಿಂಗಿನ ಮೇಲೆ ಜಾರಿ ಆಡಿಯೇ ಬೆಳೆದವಳು. "ಅವಳು ಬರೋದ್ರೊಳಗೆ ಮಾಡಿಕೊಡು. ಅವಳಿಗೆ ಮಾತ್ರ ಹೇಳ್ಬೇಡ," ಎಂದು ಕೈ ಹಿಡಿದರು. ವಾಚನಾಲಯದ ಬಾಗಿಲಿಗೆ "ಸುಣ್ಣ ಬಳಿಯಲಾಗುತ್ತಿದೆ" ಎಂಬ ಬೋರ್ಡು ಹತ್ತೊಂಬತ್ತು ದಿನ ತೂಗಾಡಿತು. ಮಗಳು ಬಂದಳು, ಮೆಟ್ಟಿಲು ಹತ್ತಿದಳು, ಏನೂ ಗೊತ್ತಾಗಲಿಲ್ಲ. ಆ ಹಿರಿಯರು ತೀರಿಕೊಂಡು ಹತ್ತು ವರ್ಷವಾಯಿತು. ಅಪ್ಪ ಅಮ್ಮನಿಗೂ ಬಾಯಿ ಬಿಟ್ಟಿರಲಿಲ್ಲ.

"ಈಗೇನಪ್ಪಾ ಮಾಡೋದು? ಸುಳ್ಳು ಬರೆದ್ರೆ ಸಹಿ ನಂದು. ಆ ತಜ್ಞೆ ಬಂದ ಹತ್ತು ನಿಮಿಷಕ್ಕೆ ಹಿಡೀತಾರೆ."

"ಹತ್ತು ನಿಮಿಷಾನಾ?" ಅಪ್ಪನಿಗೆ ನಿಜಕ್ಕೂ ಬೇಜಾರಾಯಿತು. "ಅರ್ಧ ದಿನ ಆದ್ರೂ ಬೇಕು ಆಯಮ್ಮಂಗೆ."

ಮೇಜಿನ ತುದಿಯಲ್ಲಿದ್ದ ನನ್ನ ಮಗಳು ಪುಸ್ತಕದಿಂದ ಮುಖ ಎತ್ತಿ, "ತಾತ, ನೀನು ಕಳ್ಳನಾ?" ಎಂದಳು.

"ಸುಮ್ನೆ ಭಾಗಾಕಾರ ಮಾಡೇ," ಎಂದು ಅವಳ ಕೈಗೆ ನಾಲ್ಕು ಬಟಾಣಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ನೀನು ಸುಳ್ಳಿಗೆ ಸಹಿ ಹಾಕ್ಬೇಡ. ಆದ್ರೆ ಮಾತು ಕೊಟ್ಟೋನು ನಾನು. ಮುರಿಯೋದಾದ್ರೂ ನಾನೇ ಮುರೀಬೇಕು. ನಂಗೆ ಭಯ ಏನು ಗೊತ್ತಾ? ನಮ್ಮ ಅಧ್ಯಕ್ಷೆ ಡಾಕ್ಟ್ರಮ್ಮ ತಮ್ಮಪ್ಪನ್ನ ಸುಳ್ಳುಗಾರ ಅಂದ್ಕೊಂಡುಬಿಟ್ಟರೆ..."

ಶನಿವಾರ ವಾಚನಾಲಯದ ಮಹಡಿಯಲ್ಲಿ ಸಭೆ. ಒಗೆದ ಅಂಗಿ ಹಾಕಿಕೊಂಡು ಅಪ್ಪ ನನ್ನ ಜೊತೆ ಬಂದರು. ಮೆಟ್ಟಿಲು ಹತ್ತುವಾಗ ರೇಲಿಂಗ್ ಮುಟ್ಟದೆ ಗೋಡೆ ಹಿಡಿದು ಹತ್ತಿದರು.

ಸಮಿತಿಯ ಸದಸ್ಯರಾದ ಔಷಧಿ ಅಂಗಡಿಯವರು ಆಗಲೇ ತಜ್ಞರ ಭೇಟಿಗಳ ಪಟ್ಟಿ ಹಿಡಿದು ಕೂತಿದ್ದರು. "ಸುಣ್ಣದವ್ರಿಗೆ ಎರಡು ದಿನ, ಕಲ್ಲಿನವ್ರಿಗೆ ಎರಡು ದಿನ ಮತ್ತೆ ಒಂದು ಡಬ್ಬಿ ಮುಲಾಮು. ಮರದವ್ರಿಗೆ ಒಂದು ಗಂಟೆ ಸಾಕಲ್ವಾ? ನೋಡಿ ಆಹಾ ಅಂತಾರೆ, ಹೋಗ್ತಾರೆ."

"ಸಾಕು," ಎಂದರು ಅಧ್ಯಕ್ಷೆ ಡಾಕ್ಟರಮ್ಮ. "ನಮ್ಮಪ್ಪ ಕಾಪಾಡಿಟ್ಟಿದ್ದು. ಅದರಲ್ಲಿ ಕೇಳೋದೇನಿದೆ?"

"ಇದೆ ಡಾಕ್ಟ್ರಮ್ಮಾ," ಎಂದು ಅಪ್ಪ ಎದ್ದು ನಿಂತರು.

ಗೆದ್ದಲು, ಬೋರ್ಡು, ಹತ್ತೊಂಬತ್ತು ದಿನ, ಎಲ್ಲವನ್ನೂ ಸುತ್ತಿ ಬಳಸದೆ ಹೇಳಿದರು. ಔಷಧಿ ಅಂಗಡಿಯವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಅಲ್ಲ ಮೇಸ್ತ್ರಿ, ಇಷ್ಟು ವರ್ಷ ಹಿಂದಿನ ಸಾಲಲ್ಲಿ ಕೂತು ನನ್ನ ಭಾಷಣ ಕೇಳ್ತಿದ್ರಲ್ಲ!"

"ಭಾಷಣ ಚೆನ್ನಾಗಿರ್ತಿತ್ತು."

"ಹಳೇದು ಏನಾಯ್ತು?"

"ಒಲೆಗೂ ಬರ್ಲಿಲ್ಲ. ಪುಡಿ."

"ನಮ್ಮಪ್ಪನೂ ಹೇಳ್ಲಿಲ್ಲ. ಸಾಯೋವರೆಗೂ ಹೇಳ್ಲಿಲ್ಲ." ಅವರ ದನಿ ಗಟ್ಟಿಯಾಯಿತು. "ನನ್ನ ಹತ್ರ ಸುಳ್ಳು ಹೇಳ್ಕೊಂಡೇ ಇದ್ರು."

"ಮರ ಹಾಳಾಗಿದ್ದು ತಮ್ಮ ಹಟದಿಂದ ಅಂತ ಅವ್ರಿಗೆ ಗೊತ್ತಿತ್ತು ತಾಯಿ. ನಿಮಗೆ ಮುಖ ತೋರಿಸೋಕೆ ಆಗ್ಲಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಆರಕ್ಕೆ ಬಂದು, ಇಸ್ತ್ರಿ ಅಂಗಿ ತೋಳು ಮಡಿಸಿ ಇನ್ನೊಂದು ತುದಿ ಹಿಡ್ಕೊಂಡು ನಿಲ್ತಿದ್ರು. ಆಳು ಇಟ್ಕೊಳ್ಳಿ ಅಂದ್ರೆ ಕೇಳ್ಲಿಲ್ಲ."

"ನಮ್ಮಪ್ಪನಾ? ಒಂದು ಮೊಳೆ ಹೊಡೆದೋರಲ್ಲ!"

"ಹೊಡೀತಾ ಹೊಡೀತಾ ಕಲಿತ್ರು. ರೇಲಿಂಗಿನ ಕೊನೇ ಮೂರು ಮರದ ಕಂಬಿಗೆ ಮರಳು ಕಾಗದ ಉಜ್ಜಿದ್ದು ಪೂರ್ತಿ ಅವರೇ. ಸ್ವಲ್ಪ ಏರುಪೇರಿದೆ. ನಾನು ಸರಿ ಮಾಡೋಕೆ ಹೋಗ್ಲಿಲ್ಲ."

ಡಾಕ್ಟರಮ್ಮ ಕನ್ನಡಕ ಹಾಕಿಕೊಂಡರು. ಆಮೇಲೆ ನನ್ನ ಮುಂದಿದ್ದ ಫಾರಂ ಎಳೆದುಕೊಂಡರು.

"ಮರದವ್ರಿಗೆ ಎರಡು ದಿನ ಬರ್ಕೊಳ್ಳಿ," ಎಂದು ಔಷಧಿ ಅಂಗಡಿಯವರಿಗೆ ಹೇಳಿದರು. "ಎರಡು ದಿನವೂ ಮೇಸ್ತ್ರಿ ಜೊತೆಗಿರ್ತಾರೆ."

ವರ್ಷದ ಮುಂದಿದ್ದ ನೂರಾಮೂವತ್ತನ್ನು ಹೊಡೆದು ಮೂವತ್ತಾರು ಮಾಡಿದರು. ನಾನು ಖಾಲಿ ಬಿಟ್ಟಿದ್ದ ಜಾಗದಲ್ಲಿ ಅಪ್ಪನ ಹೆಸರನ್ನು ತಮ್ಮ ಕೈಯಾರೆ ಬರೆದರು. ಅದರ ಕೆಳಗೆ "ಸಹಾಯಕರು" ಎಂದು ಬರೆದು ತಮ್ಮ ತಂದೆಯ ಹೆಸರು ಸೇರಿಸಿದರು. ಪೆನ್ನು ಎತ್ತದೆ ಕೇಳಿದರು:

"ಹೇಗಿದ್ರು ಮೇಸ್ತ್ರಿ, ಕೆಲಸದಲ್ಲಿ?"

"ಮೂರು ಸಲ ಬೆರಳು ಜಜ್ಜಿಕೊಂಡ್ರು. ಪ್ರತಿ ಸಲವೂ ನನ್ನನ್ನೇ ಬೈದ್ರು."

"ಅದನ್ನೂ ಬರೀಲಾ?"

ಅಪ್ಪ ಬಗ್ಗಿ ಫಾರಂ ನೋಡಿದರು. "ಜಾಗ ಇದ್ರೆ ಬರೀರಿ," ಎಂದರು.