ಹೆಂಡತಿಯೇ ಮೊದಲ ಶಂಕಿತೆ

ಅತಿ ಗಹನವಾದ ವಿಷಯವೊಂದನ್ನು ಮೊದಲಿಗೇ ಅರಿಕೆ ಮಾಡಿಕೊಳ್ಳಬೇಕು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಭಾಸ್ಕರನೂ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಲಕ್ಷ್ಮೀಶನೂ ತಂತಮ್ಮ ಟೀವಿಯ ಪ್ಲೇ ಗುಂಡಿಯನ್ನು ಒಂದೇ ಕ್ಷಣದಲ್ಲಿ ಒತ್ತಬೇಕಿತ್ತು. ಒಬ್ಬನದು ಮೂರು ಸೆಕೆಂಡು ಮುಂದೆ ಹೋದರೂ ಅವನ 'ಅಯ್ಯೋ' ಇನ್ನೊಬ್ಬನಿಗೆ ಫೋನಿನಲ್ಲಿ ಗುಂಡಿನ ಸದ್ದಿಗಿಂತ ಮೊದಲೇ ಕೇಳಿಸಿ, ಒಳ್ಳೆಯ ಕೊಲೆಯೊಂದು ಹಾಳಾಗುತ್ತಿತ್ತು.

ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಪತ್ತೇದಾರಿ ಕಾದಂಬರಿಯನ್ನು ಎರಡು ಭಾಗ ಹರಿದು ಹಂಚಿಕೊಂಡು ಓದಿದ್ದ ಈ ನಿವೃತ್ತ ಎಂಜಿನಿಯರುಗಳು ಹದಿನೇಳು ವರ್ಷ ಹೀಗೆ ಸಿನಿಮಾ ನೋಡಿದ್ದರು. ಅವರಿಗೆ ಬೇಕಾದದ್ದು ಒಂದೇ ಜಾತಿಯದು: ಒದ್ದೆ ರಸ್ತೆ, ನಿಯಾನ್ ಬೆಳಕು, ನಿದ್ದೆಗೆಟ್ಟ ಪತ್ತೇದಾರ, ಕೊನೆಯಲ್ಲಿ ಯಾರಿಗೂ ಏನೂ ದಕ್ಕಬಾರದು. ಅಪ್ಪಿತಪ್ಪಿ ನ್ಯಾಯ ಗೆದ್ದರೆ "ಮಕ್ಕಳ ಪಿಕ್ಚರ್ ಕಣೋ ಇದು" ಎಂದು ಭಾಸ್ಕರ ರೇಗುತ್ತಿದ್ದ. ಗೆಳೆಯನಿಗೆ ಅವನು ಕಲಿಸಿದ ಸೂತ್ರ ಚಿಕ್ಕದು. ಮೊದಲು ಹೆಂಡತಿಯನ್ನು ಅನುಮಾನಿಸು. ಆಮೇಲೆ, ಅವಳು ನಿರಪರಾಧಿ ಎಂದು ಹೇಳಲು ಬಂದವನನ್ನು.

ಹೋದ ವರ್ಷ ಲಕ್ಷ್ಮೀಶನ ನೆನಪು ಸೋರತೊಡಗಿತು. ಹತ್ತು ಸಲ ನೋಡಿದ ಸಿನಿಮಾದ ಕೊನೆಗೂ "ಅಯ್ಯಯ್ಯೋ, ಅವಳೇನಾ!" ಎಂದು ಬೆಚ್ಚುತ್ತಿದ್ದ. ಹೇಳಲು ನಾಚಿಕೆ, ಭಾಸ್ಕರನಿಗೆ ಮೊದಮೊದಲು ಆದದ್ದು ಹೊಟ್ಟೆಕಿಚ್ಚು.

ಆಗಸ್ಟಿನಲ್ಲಿ ಲಕ್ಷ್ಮೀಶನ ಹೆಂಡತಿ ಚಂದ್ರಪ್ರಭಾ ಫೋನ್ ಮಾಡಿದಳು.

"ಭಾಸ್ಕರ್, ಇವ್ರು ನಾನು ಮಾಡಿದ್ದು ತಿಂತಿಲ್ಲ. ಟ್ಯಾಬ್ಲೆಟ್ ಬಾಯಲ್ಲಿಟ್ಕೊಂಡು ಗಿಡದ ಪಾಟಿಗೆ ಉಗೀತಾರೆ. ನಾನು ವಿಷ ಹಾಕ್ತಿದೀನಂತೆ. ಹೀಗೇ ಆದ್ರೆ ಮನೇಲಿಟ್ಕೊಳೋಕಾಗಲ್ಲ, ಖಾಯಮ್ಮಾಗಿ ನರ್ಸಿಂಗ್ ಹೋಮಿಗೆ ಸೇರಿಸಿ ಅಂದ್ರು ಡಾಕ್ಟ್ರು. ನಿಮ್ಮ ಮಾತಾದ್ರೆ ಕೇಳ್ತಾರೆ, ಒಂದ್ಸಲ ಬನ್ನಿ."

"ವಿಷ ಅಂತ ಅವನಿಗೆ ಯಾಕೆ ಅನ್ನಿಸ್ತು?"

"ಅದನ್ನ ನೀವು ನನ್ನ ಕೇಳ್ತಿದೀರಾ?"

ಭಾಸ್ಕರ ಮರುದಿನ ಬೆಳಗಿನ ವಿಮಾನ ಹಿಡಿದ.

ಲಕ್ಷ್ಮೀಶ ಕಿಟಕಿಯ ಬಳಿ ಕುಳಿತಿದ್ದ. ಅಂಗಿಯ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗವಿತ್ತು. "ಬಾರೋ ಭಾಸ್ಕರ" ಎಂದು ಹೆಸರು ಹಿಡಿದೇ ಕರೆದ. ಚಂದ್ರಪ್ರಭಾ ಉಪ್ಪಿಟ್ಟು ತಂದಿಟ್ಟು ಬಾಗಿಲಲ್ಲಿ ನಿಂತಳು.

"ನೋಡಿದ್ಯಾ?" ಲಕ್ಷ್ಮೀಶ ಪಿಸುಗುಟ್ಟಿದ. "ತಾನು ತಿನ್ನಲ್ಲ. ನಿಂತ್ಕೊಂಡು ನನ್ನನ್ನೇ ನೋಡ್ತಾಳೆ."

ಗಂಡ ತಿನ್ನದೆ ಅವಳೂ ವಾರದಿಂದ ಸರಿಯಾಗಿ ತಿಂದಿರಲಿಲ್ಲ. ಆದರೂ ಗೆಳೆಯ ಗಮನಿಸಿದ ರೀತಿಗೆ ಭಾಸ್ಕರ ಮನಸ್ಸಿನಲ್ಲೇ ತಲೆದೂಗಿದ. ಆಮೇಲೆ ಆ ತಟ್ಟೆಯಿಂದಲೇ ಎರಡು ಚಮಚ ತಿಂದ.

"ನೋಡು, ನಂಗೇನೂ ಆಗ್ಲಿಲ್ಲ."

"ನಿಂಗೆ ಯಾಕಾಗತ್ತೆ?"

"ಲೋ, ನನ್ನಾಣೆಗೂ ಪ್ರಭಾ ಅಂಥವ್ರಲ್ಲ ಕಣೋ. ಅವ್ರದ್ದೇನೂ ತಪ್ಪಿಲ್ಲ."

ಮಾತು ಬಾಯಿಂದ ಹೊರಬಿದ್ದ ಮೇಲೆ ಭಾಸ್ಕರನಿಗೆ ಅದು ಕೇಳಿಸಿತು. ಹೆತ್ತ ಮಗಳ ಹೆಸರನ್ನು ಮರೆತಿದ್ದ ಲಕ್ಷ್ಮೀಶ ಸೂತ್ರವನ್ನು ಮರೆತಿರಲಿಲ್ಲ. ಅವನ ಮುಖದಲ್ಲಿ ಎಷ್ಟೋ ತಿಂಗಳ ನಂತರ ಬೆಳಕು ಮೂಡಿತು, ಗೋಜಲು ಬಿಡಿಸಿದವನ ಬೆಳಕು.

"ನಿನ್ನ ಕರೆಸಿದ್ದು ಯಾರು?"

ಭಾಸ್ಕರ ಬಾಗಿಲ ಕಡೆ ನೋಡಿದ. ನೋಡಬಾರದಿತ್ತು.

"ಎಷ್ಟು ದಿನದಿಂದ ನಡೀತಿದೆ?" ಕೋಪವಿಲ್ಲದೆ, ಮೆತ್ತಗೆ ಕೇಳಿದ ಲಕ್ಷ್ಮೀಶ. ಅವರಿಬ್ಬರೂ ಮೆಚ್ಚಿದ್ದ ಪತ್ತೇದಾರರೆಲ್ಲ ಹಾಗೆಯೇ ಕೇಳುತ್ತಿದ್ದರು.

"ಅದೆಲ್ಲ ಸಿನಿಮಾ ಕಣೋ, ಲಕ್ಷ್ಮೀಶ!"

"ಎಲ್ಲಾರೂ ಹಾಗೇ ಅಂತಾರೆ." ತಟ್ಟೆಯನ್ನು ಮೆಲ್ಲಗೆ ಗೆಳೆಯನ ಕಡೆ ಸರಿಸಿದ. "ಪೂರ್ತಿ ನೀನೇ ತಿನ್ನು."

ಚಂದ್ರಪ್ರಭಾ ಬಾಗಿಲಲ್ಲೇ ಕುಳಿತಳು. ಭಾಸ್ಕರ ಬೇರೇನೂ ತೋಚದೆ ಉಪ್ಪಿಟ್ಟು ತಿಂದು ಮುಗಿಸಿದ.

ಮೂರು ವಾರದ ನಂತರ ಲಕ್ಷ್ಮೀಶನನ್ನು ನರ್ಸಿಂಗ್ ಹೋಮಿಗೆ ಸೇರಿಸಿದರು. ಅಲ್ಲಿ ಕೊಟ್ಟದ್ದನ್ನೆಲ್ಲ ತಿನ್ನುತ್ತಾನೆ, ಮಾತ್ರೆಯನ್ನೂ ನುಂಗುತ್ತಾನೆ. ಹೆಂಡತಿಯನ್ನೂ ಭಾಸ್ಕರನನ್ನೂ ನೋಡಲು ಒಪ್ಪುವುದಿಲ್ಲ.