ವಿಮಲಾಳ ರಿಪೇರಿ ಪಾಠಗಳು

ವಿಮಲಾ ಬರೆದ ನೂರಹದಿನಾಲ್ಕು ರಿಪೇರಿ ಪಾಠಗಳಿಗೆ ರವಿಶಂಕರ್ ತನ್ನ ಹೆಸರು ಹಾಕಿಕೊಂಡ. ಮರುದಿನ ಬೆಳಿಗ್ಗೆ ಅವಳಿಗೆ, ಇನ್ನು ಕೆಲಸಕ್ಕೆ ಬರಬೇಡ ಎಂದ.

ನನಗೆ ಖುಷಿಯಾಯಿತು.

ಪುರಸೈವಾಕ್ಕಂನ ಪಾತ್ರೆ ಅಂಗಡಿಗಳ ಸಾಲಿನಲ್ಲಿ, ಮೇಲಿನ ಮಹಡಿಯಲ್ಲಿ ನಮ್ಮ ಮಿಕ್ಸಿ ಸರ್ವಿಸ್ ಸೆಂಟರ್. ಯಜಮಾನರು ವಿಶ್ವಾರಾಧ್ಯ, ನನ್ನ ಸೋದರಮಾವ. ರವಿಶಂಕರ್ ಅವರ ಮಗ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ವಿಮಲಾ ಓದಿದ್ದು ಹತ್ತನೇ ಕ್ಲಾಸು. ಕೀಲ್ಪಾಕಿನ ಉಡುಪಿ ಹೋಟೆಲಿನಲ್ಲಿ ಚಟ್ನಿ ರುಬ್ಬುತ್ತ, ಕೆಟ್ಟ ಮಿಕ್ಸಿ ಬಿಚ್ಚುತ್ತ ಕೆಲಸ ಕಲಿತಿದ್ದಳು. ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ, ಬಿಚ್ಚಿದ ಕ್ರಮದಲ್ಲೇ ಇಡುತ್ತಿದ್ದಳು. ನೋಡಿ ನಾನು ನಕ್ಕಿದ್ದೆ. ಆದರೆ ಮಿಕ್ಸಿ ಮುಚ್ಚಿದ ಮೇಲೂ ಒಂದು ಸ್ಕ್ರೂ ಉಳಿದುಬಿಡುತ್ತಿದ್ದದ್ದು ನನ್ನ ಮೇಜಿನ ಮೇಲೆ.

ಗಿರಾಕಿಗಳು ಮೆಟ್ಟಿಲು ಹತ್ತಿ ಬಂದು, ನನ್ನ ಮುಖ ನೋಡಿ, “ವಿಮಲಾ ಅಕ್ಕಾ ಇಲ್ಲೀಂಗಳಾ?” ಎಂದು ತಮಿಳಿನಲ್ಲಿ ಅವಳನ್ನೇ ಕೇಳುತ್ತಿದ್ದರು. ನಾನೇನು ಕಂಬವೇ?

ಅವಳು ಟಿಪ್ಪಣಿ ಜೋಡಿಸಿಡುವ ಒಂದು ವೆಬ್‌ಸೈಟು ಹಿಡಿದಳು. ‘ಸುಟ್ಟ ವಾಸನೆ’, ‘ಗುಂಯ್ ಅಂತದೆ, ತಿರುಗುದಿಲ್ಲ’ — ಹೀಗೆ ಒಂದೊಂದು ದೂರಿಗೆ ಒಂದೊಂದು ಕಾರ್ಡು. ಕಂಪನಿಯ ಹೆಸರಿನ ಪ್ರಕಾರವಲ್ಲ, ಮನೆಯ ಹೆಂಗಸರು ಹೇಳುವ ಮಾತಿನ ಪ್ರಕಾರ. ಆಮೇಲೆ ಫೋಟೊ ಸೇರಿಸಿ, ತಮಿಳಿನಲ್ಲೂ ಕನ್ನಡದಲ್ಲೂ ಪಾಠ ಬರೆದು, ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಒಂದು ರಿಪೇರಿ ವೆಬ್‌ಸೈಟಿಗೆ ಹಾಕುತ್ತಿದ್ದಳು. ಡಿಪ್ಲೊಮಾ ಮಾಡಿದ ನನಗೆ ಇದು ಯಾಕೆ ಹೊಳೆಯಲಿಲ್ಲ?

ಅಂಬತ್ತೂರಿನಿಂದ ಬರುವ ಬಸ್ಸಿನಲ್ಲಿ ಕೂತು ಒಂದೊಂದನ್ನೂ ಓದಿದೆ. ಕಲಿಯುವುದಕ್ಕಲ್ಲ, ತಪ್ಪು ಹುಡುಕುವುದಕ್ಕೆ. ನಲವತ್ತೊಂದನೆಯ ಪಾಠದಲ್ಲಿ ಸಿಕ್ಕಿತು. ಜಾರಿನ ಬ್ಲೇಡು ತಿರುಗಿಸುವ ಕಪ್ಲರನ್ನು ಯಾವ ಕಡೆ ತಿರುಗಿಸಿ ಬಿಚ್ಚಬೇಕೆಂಬುದನ್ನು ಉಲ್ಟಾ ಬರೆದಿದ್ದಳು. ಗಿರಾಕಿಗಳು ತುಂಬಿರುವ ಹೊತ್ತು ನೋಡಿಕೊಂಡೇ ಜೋರಾಗಿ ಹೇಳಿದೆ.

“ಹೌದು ಮಾರಾಯ್ತಿ! ಯಾರದ್ದಾದ್ರೂ ಮಿಕ್ಸಿ ಮುರಿದು ಹೋಗ್ತಿತ್ತು. ನೀನು ನೋಡಿದ್ದು ಒಳ್ಳೇದಾಯ್ತು” ಎಂದು ಅಲ್ಲೇ ತಿದ್ದಿದಳು. ಕೆಳಗೆ, ತಪ್ಪು ತೋರಿಸಿದವರು ಸೌಂದರ್ಯಾ, ಎಂದು ನನ್ನ ಹೆಸರನ್ನೂ ಬರೆದಳು. ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು.

ಮಾವನಿಗೆ ಬೇರೆಯೇ ಉರಿ. “ಎಲ್ರೂ ಮನೇಲೇ ರಿಪೇರಿ ಮಾಡ್ಕೊಂಡ್ರೆ ನಾವಿಲ್ಲಿ ನೊಣ ಹೊಡೀಬೇಕಾ?” ಎಂದರು. ಟಿಪ್ಪಣಿಯ ಖಾತೆಯನ್ನು ವಿಮಲಾ ಅಂಗಡಿಯ ಇಮೇಲ್‌ನಿಂದಲೇ ತೆರೆದಿದ್ದಳು, ಪಾಪ. ರವಿ ಪಾಸ್‌ವರ್ಡ್ ಬದಲಿಸಿದ. ಪಾಠಗಳನ್ನೆಲ್ಲ ತನ್ನ ಹೆಸರಿನಲ್ಲಿ ಅಂಗಡಿಯ ಆ್ಯಪಿಗೆ ಸುರಿದುಕೊಂಡು, ಕಾಸು ಕೊಟ್ಟವರಿಗೆ ಮಾತ್ರ ಎಂದು ಬೀಗ ಜಡಿದ. ಪುಕ್ಕಟೆ ವೆಬ್‌ಸೈಟಿನವರಿಗೆ, ವಿಮಲಾ ನಮ್ಮದನ್ನು ಕದ್ದಿದ್ದಾಳೆ, ತೆಗೆದುಹಾಕಿ, ಎಂದು ಬರೆದ. ಅವಳ ಜೊತೆಗೆ ಕೆಲಸ ಮಾಡಿದವರೊಬ್ಬರ ಸಾಕ್ಷಿ ಕಳಿಸಿ, ಆಮೇಲೆ ತೆಗೆಯುತ್ತೇವೆ, ಎಂದು ಅವರು ಉತ್ತರ ಕೊಟ್ಟರು.

ಜೊತೆಗೆ ಕೆಲಸ ಮಾಡಿದವಳು ನಾನೊಬ್ಬಳೇ.

ಮಾವ ಟೈಪು ಮಾಡಿದ ಹಾಳೆಯನ್ನೂ ಒಂದು ಪೆನ್ನನ್ನೂ ಮುಂದಿಟ್ಟರು. ‘ಈ ಪಾಠಗಳನ್ನೆಲ್ಲ ರವಿಶಂಕರ್ ಬರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.’

“ಸೈನ್ ಹಾಕಮ್ಮ. ಸೋಮವಾರದಿಂದ ಅವಳ ಕಿಟಕಿ ಪಕ್ಕದ ಮೇಜು ನಿಂದೇ. ಹೆಡ್ ಟೆಕ್ನಿಷಿಯನ್ ಅಂತ ಬೋರ್ಡ್ ಬೇರೆ ಮಾಡಿಸ್ತೀನಿ.”

“ಹಾಕದಿದ್ರೆ?”

“ಹಾಕದಿದ್ರೆ ಏನು? ನೀನೂ ಅವಳ ಹಿಂದೆ ಹೋಗಿ ಚಟ್ನಿ ರುಬ್ಬು” ಎಂದು ರವಿ ನಕ್ಕ. ಸ್ಕ್ರೂಡ್ರೈವರ್ ಹಿಡಿದರೆ ಕೈ ಕೊಳೆಯಾಗುತ್ತದೆ ಎನ್ನುವವನು. ಮೊಬೈಲಿನಿಂದ ತಲೆ ಎತ್ತಲಿಲ್ಲ.

“ನಿಂಗೂ ಅವಳನ್ನ ಕಂಡ್ರೆ ಆಗ್ತಿರ್ಲಿಲ್ಲ ತಾನೆ?” ಎಂದರು ಮಾವ, ಸಲಿಗೆಯಿಂದ.

“ಈಗಲೂ ಆಗಲ್ಲ ಮಾವ.”

ಅದು ನಿಜ. ಎರಡು ವರ್ಷ ಅವಳ ಒಂದೊಂದು ಸಾಲಿಗೂ ಹೊಟ್ಟೆ ಉರಿದುಕೊಂಡಿದ್ದೇನೆ. ಯಾವ ಪಾಠ ಯಾವ ದಿನ ಬರೆದಳು, ಯಾವ ಫೋಟೊ ಮೂರು ಸಲ ತೆಗೆದಳು, ಎಲ್ಲ ಗೊತ್ತು. ಅವಳ ಗೆಳತಿಯಾಗಿದ್ದರೂ ಇಷ್ಟು ಗೊತ್ತಿರುತ್ತಿರಲಿಲ್ಲ. ಇದೆಲ್ಲ ಇವನದು ಎಂದರೆ, ಇಷ್ಟು ದಿನ ನಾನು ಉರಿದದ್ದು ಯಾರ ಮೇಲೆ? ಮೊಬೈಲು ತೀಡುವ ಈ ಸೋಮಾರಿಯ ಮೇಲೆಯೇ? ಗೆದ್ದರೆ ವಿಮಲಾಳನ್ನೇ ಗೆಲ್ಲಬೇಕು. ಅವಳ ಪಾಠ ಅಲ್ಲಿರಬೇಕು, ಅದಕ್ಕಿಂತ ಒಳ್ಳೆಯದನ್ನು ನಾನು ಬರೆಯಬೇಕು. ಅವಳದನ್ನು ಅಳಿಸಿದ ಜಾಗದಲ್ಲಿ ಕೂತರೆ ಅದೇನು ಗೆಲುವು?

ನನ್ನ ಕೈ ಅಲ್ಲಾಡದ್ದು ನೋಡಿ ಮಾವ ಜೇಬಿನಿಂದ ತಮ್ಮ ಪೆನ್ನು ತೆಗೆದರು.

“ಯಾಕೆ, ಆ ಪೆನ್ನು ಬರೀತಿಲ್ವಾ?”

“ಬರಿಯುತ್ತೆ ಮಾವ,” ಎಂದೆ. “ನಾನು ಸೈನ್ ಹಾಕಲ್ಲ.”